ಇಡ್ಲಿ ತಟ್ಟೆಗೆ ಬಟ್ಟೆಯೇ ಇರಲಿ

ಬೆಳಗಿನ ಆರು ಗಂಟೆ. ಹೋಟೆಲ್ಲಿನ ಅಡುಗೆಮನೆಯ ತುಂಬ ಹಬೆ. ಒದ್ದೆ ಮಾಡಿ ಹಿಂಡಿದ ಬಿಳಿ ಬಟ್ಟೆಯನ್ನು ಇಡ್ಲಿ ತಟ್ಟೆಯ ಗುಳಿಗಳ ಮೇಲೆ ಹಾಸಿ, ಸೌಟಿನಿಂದ ಹಿಟ್ಟು ಹುಯ್ದು, ತಟ್ಟೆಗಳನ್ನು ಒಂದೊಂದಾಗಿ ಪೆಟ್ಟಿಗೆಯೊಳಗೆ ತಳ್ಳುತ್ತಾರೆ. ಬೆಂದ ಮೇಲೆ ಬಟ್ಟೆಯ ಸಮೇತ ಮಗುಚಿ, ಮೇಲೆ ಚೂರು ತಣ್ಣೀರು ಚಿಮುಕಿಸಿ ಮೆಲ್ಲಗೆ ಎಳೆದರೆ ಬಟ್ಟೆ ಬಿಟ್ಟುಕೊಳ್ಳುತ್ತದೆ. ಇಡ್ಲಿಯ ಮೈಮೇಲೆ ನೇಯ್ಗೆಯ ಸಣ್ಣ ಗೆರೆಗಳು ಉಳಿಯುತ್ತವೆ.

ಆ ಬಟ್ಟೆಯ ಜಾಗಕ್ಕೆ ಹಲವು ಕಡೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಬಂದಿತ್ತು. 2025ರ ಫೆಬ್ರುವರಿಯಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಅಧಿಕಾರಿಗಳು ಸುಮಾರು 250 ಕಡೆ ತಪಾಸಣೆ ಮಾಡಿದಾಗ 52 ಕಡೆ ಪ್ಲಾಸ್ಟಿಕ್ ಹಾಳೆಯ ಮೇಲೆಯೇ ಇಡ್ಲಿ ಬೇಯಿಸುತ್ತಿದ್ದುದು ಕಂಡುಬಂತು. ಇನ್ನು ಮುಂದೆ ಹಾಗೆ ಮಾಡುವಂತಿಲ್ಲ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಪ್ರಕಟಿಸಿದರು.

ಹೋಟೆಲಿನವರ ಕಷ್ಟ ಅರ್ಥವಾಗದ್ದೇನಲ್ಲ. ಬಟ್ಟೆಯನ್ನು ದಿನವೂ ತೊಳೆಯಬೇಕು, ಕುದಿಯುವ ನೀರಿಗೆ ಹಾಕಿ ತೆಗೆಯಬೇಕು, ಬಿಸಿಲಿಗೆ ಒಣಹಾಕಬೇಕು. ಹಾಳೆಯಾದರೆ ಹಿಟ್ಟು ಅಂಟುವುದಿಲ್ಲ, ತೊಳೆಯುವ ಗೋಜೂ ಇಲ್ಲ. ಆದರೆ ಉಳಿಯುವ ಆ ಶ್ರಮದ ಬೆಲೆಯನ್ನು ಉಣ್ಣುವವರ ದೇಹ ತೆರಬೇಕಾಗುತ್ತದೆ.

ಶಾಖ ಮಾಡುವ ಕೆಲಸ

ಪ್ಲಾಸ್ಟಿಕ್ ಮೃದುವಾಗಲಿ, ಬಾಳಿಕೆ ಬರಲಿ, ಬಣ್ಣ ಹಿಡಿಯಲಿ ಎಂದು ತಯಾರಿಸುವಾಗಲೇ ಬಗೆಬಗೆಯ ರಾಸಾಯನಿಕಗಳನ್ನು ಬೆರೆಸುತ್ತಾರೆ. ಇವುಗಳಲ್ಲಿ ಬಹುಪಾಲು ಪ್ಲಾಸ್ಟಿಕ್ಕಿನೊಡನೆ ಗಟ್ಟಿಯಾಗಿ ಬೆಸೆದುಕೊಂಡಿರುವುದಿಲ್ಲ. ತಣ್ಣಗಿದ್ದಾಗ ಅಲ್ಲಲ್ಲೇ ಇರುತ್ತವೆ, ಶಾಖ ತಗಲಿದರೆ ಸಡಿಲಗೊಂಡು ಹೊರಬರುತ್ತವೆ. ಎಣ್ಣೆ, ಜಿಡ್ಡು, ಹುಳಿ ಅವನ್ನು ಇನ್ನಷ್ಟು ಸೆಳೆಯುತ್ತವೆ. ಇಡ್ಲಿ ಬೇಯುವುದು ಹೆಚ್ಚುಕಡಿಮೆ 100 ಡಿಗ್ರಿಯ ಹಬೆಯಲ್ಲಿ, ಅದರ ಹಿಟ್ಟು ರಾತ್ರಿಯೆಲ್ಲ ಹುಳಿ ಬಂದದ್ದು. ಸಾಂಬಾರಿನಲ್ಲಿ ಹುಣಸೆಯೂ ಇದೆ, ಒಗ್ಗರಣೆಯ ಎಣ್ಣೆಯೂ ಇದೆ.

ಹೀಗೆ ಹೊರಬರುವವುಗಳಲ್ಲಿ ಥ್ಯಾಲೇಟ್‌ಗಳು ಮತ್ತು ಬಿಸ್ಫಿನಾಲ್-ಎ ಹೆಚ್ಚು ಚರ್ಚೆಗೆ ಬಂದಿವೆ. ಇವು ನಮ್ಮ ಹಾರ್ಮೋನುಗಳ ಕೆಲಸದಲ್ಲಿ ಕೈಹಾಕಬಲ್ಲವು. ಬಿಸ್ಫಿನಾಲ್-ಎ ಇರುವ ಪಾಲಿಕಾರ್ಬೊನೇಟ್‌ನಿಂದ ಹಾಲುಣಿಸುವ ಬಾಟಲಿ ತಯಾರಿಸುವುದನ್ನು ಯುರೋಪ್ 2011ರಲ್ಲೇ ನಿಲ್ಲಿಸಿತು. 2023ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು ದಿನಕ್ಕೆ ಇಷ್ಟು ದೇಹ ಸೇರಿದರೆ ಚಿಂತೆಯಿಲ್ಲ ಎಂದು ತಾನೇ ಹಿಂದೆ ಹೇಳಿದ್ದ ಪ್ರಮಾಣವನ್ನು 20 ಸಾವಿರ ಪಟ್ಟು ತಗ್ಗಿಸಿತು. ನಿನ್ನೆ ನಿರಪಾಯ ಎಂದುಕೊಂಡದ್ದು ಇಂದು ಹಾಗೆ ಉಳಿದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕಣ್ಣಿಗೆ ಕಾಣದ ಕಣ

ರಾಸಾಯನಿಕದ ಮಾತು ಒಂದಾದರೆ, ಪ್ಲಾಸ್ಟಿಕ್ಕೇ ಕಣಕಣವಾಗಿ ಉದುರುವುದು ಇನ್ನೊಂದು. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಸಂಶೋಧಕರು 2020ರಲ್ಲಿ ಮಕ್ಕಳ ಹಾಲಿನ ಬಾಟಲಿಗಳನ್ನು ಪರೀಕ್ಷಿಸಿದರು. ನಮ್ಮ ಊಟದ ಡಬ್ಬಿಗಳಿಗೂ ಬಳಸುವ ಪಾಲಿಪ್ರೊಪಿಲೀನ್‌ನ ಬಾಟಲಿಗಳವು. ನೀರಿನ ಶಾಖ 25 ಡಿಗ್ರಿಯಿದ್ದಾಗ ಲೀಟರಿಗೆ ಸುಮಾರು 6 ಲಕ್ಷ ಕಣಗಳಿದ್ದವು. 95 ಡಿಗ್ರಿಗೆ ಏರಿದಾಗ ಅವು 5.5 ಕೋಟಿ ಮುಟ್ಟಿದವು. ಬದಲಾದದ್ದು ಶಾಖ ಮಾತ್ರ.

2023ರಲ್ಲಿ ಅಮೆರಿಕದ ನೆಬ್ರಾಸ್ಕಾ-ಲಿಂಕನ್ ವಿಶ್ವವಿದ್ಯಾಲಯದವರು ಶಿಶು ಆಹಾರದ ಪ್ಲಾಸ್ಟಿಕ್ ಡಬ್ಬಿ, ಚೀಲಗಳನ್ನು ಮೈಕ್ರೋವೇವ್‌ನಲ್ಲಿ ಮೂರು ನಿಮಿಷ ಬಿಸಿ ಮಾಡಿ ನೋಡಿದರು. ಒಂದು ಚದರ ಸೆಂಟಿಮೀಟರ್ ಜಾಗದಿಂದ 42 ಲಕ್ಷದವರೆಗೆ ಮೈಕ್ರೋಪ್ಲಾಸ್ಟಿಕ್ ಕಣಗಳೂ, ಅದಕ್ಕಿಂತ ಸೂಕ್ಷ್ಮವಾದ 211 ಕೋಟಿವರೆಗಿನ ನ್ಯಾನೊ ಕಣಗಳೂ ಹೊರಬಿದ್ದವು.

ಕಾಗದದ ಲೋಟವನ್ನೂ ಪೂರ್ತಿ ನಂಬುವಂತಿಲ್ಲ. ಚಹಾ ಸೋರದಿರಲೆಂದು ಅದರ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಪದರ ಹಚ್ಚಿರುತ್ತಾರೆ. ಅಂಥ ಲೋಟದಲ್ಲಿ 100 ಮಿಲಿಲೀಟರ್ ಬಿಸಿನೀರು 15 ನಿಮಿಷ ನಿಂತರೆ ಸುಮಾರು 25 ಸಾವಿರ ಸೂಕ್ಷ್ಮ ಕಣಗಳು ಸೇರುತ್ತವೆ ಎಂದು ಐಐಟಿ ಖರಗಪುರದ ಅಧ್ಯಯನ ಕಂಡುಕೊಂಡಿತು.

ಇವು ದೇಹದೊಳಗೆ ಹೋಗಿ ಏನು ಮಾಡುತ್ತವೆ? 2024ರಲ್ಲಿ ಇಟಲಿಯ ವೈದ್ಯರು ಕತ್ತಿನ ರಕ್ತನಾಳದಿಂದ ತೆಗೆದ ಕೊಬ್ಬಿನ ಗಡ್ಡೆಗಳನ್ನು ಪರೀಕ್ಷಿಸಿದಾಗ 257 ಜನರಲ್ಲಿ 150 ಮಂದಿಯ ಗಡ್ಡೆಗಳಲ್ಲಿ ಪ್ಲಾಸ್ಟಿಕ್ ಸಿಕ್ಕಿತು. ಪ್ಲಾಸ್ಟಿಕ್ ಇದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ ಇಲ್ಲದವರಿಗಿಂತ ನಾಲ್ಕೂವರೆ ಪಟ್ಟು ಹೆಚ್ಚಿತ್ತು. ಪ್ಲಾಸ್ಟಿಕ್ಕೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಸಾಬೀತಾಗುವವರೆಗೆ ದಿನಾ ಉಂಡುಕೊಂಡೇ ಇರುವುದು ಜಾಣತನವಲ್ಲ. ದೇಹ ಇನ್ನೂ ಬೆಳೆಯುತ್ತಿರುವ ಮಕ್ಕಳ ಮಟ್ಟಿಗಂತೂ ಖಂಡಿತ ಅಲ್ಲ.

ಮನೆಯಲ್ಲಿ, ಪಾರ್ಸೆಲ್ಲಿನಲ್ಲಿ

ಮೈಕ್ರೋವೇವ್ ಯಂತ್ರದಿಂದ ಆಹಾರ ವಿಷವಾಗುತ್ತದೆ ಎಂಬ ಭಯ ಬೇಡ. ತೊಂದರೆ ಒಳಗಿಡುವ ಪಾತ್ರೆಯದ್ದು. ಡಬ್ಬಿಯ ತಳದಲ್ಲಿ ‘ಮೈಕ್ರೋವೇವ್ ಸೇಫ್’ ಎಂದು ಬರೆದಿದ್ದರೆ ಅದು ಆ ಬಿಸಿಗೆ ಕರಗದು, ಸೊಟ್ಟಗಾಗದು ಎಂದು ತಿಳಿಯಬಹುದು. ಏನೂ ಬಿಡುವುದಿಲ್ಲ ಎಂದಲ್ಲ. ಬಿಸಿ ಮಾಡುವುದಿದ್ದರೆ ಗಾಜಿನ ಅಥವಾ ಪಿಂಗಾಣಿ ಬಟ್ಟಲಿಗೆ ಸುರಿದುಕೊಳ್ಳಿ. ಸ್ಟೀಲ್ ಪಾತ್ರೆಯಾದರೆ ಒಲೆಯ ಮೇಲಿಡಿ. ಅನ್ನ, ಪಲ್ಯ ಆರಿದ ಮೇಲೆ ಡಬ್ಬಿಗೆ ತುಂಬಿ. ಗೀರು ಬಿದ್ದು ಮಬ್ಬಾದ ಹಳೆಯ ಡಬ್ಬಿಗೆ ಬೇಳೆಯನ್ನೋ ಅವಲಕ್ಕಿಯನ್ನೋ ಹಾಕಿಡಿ.

ಪಾರ್ಸೆಲ್ ಇನ್ನೂ ದೊಡ್ಡ ಚಿಂತೆ. ಕುದಿಯುವ ಸಾಂಬಾರನ್ನು ತೆಳು ಕವರಿಗೆ ಸುರಿದು ರಬ್ಬರ್ ಬ್ಯಾಂಡ್ ಸುತ್ತಿ ಕೊಟ್ಟಾಗ ಕೈಯಲ್ಲಿ ಹಿಡಿಯಲಾಗದಷ್ಟು ಸುಡುತ್ತದೆ. ಆ ಕವರು ಅಷ್ಟೇ ಮೆತ್ತಗಾಗಿರುತ್ತದೆ. ಮನೆ ತಲುಪುವವರೆಗಿನ ಅರ್ಧ ಗಂಟೆ ಸಾಂಬಾರು ಅದರೊಳಗೇ ಕುಳಿತಿರುತ್ತದೆ.

ಇದಕ್ಕೆಲ್ಲ ಉತ್ತರ ನಮ್ಮ ಅಡುಗೆಯಲ್ಲೇ ಇದೆ. ಕರಾವಳಿಯವರು ಹಲಸಿನ ಎಲೆಯ ಕೊಟ್ಟೆಯಲ್ಲಿ ಕಡುಬು ಬೇಯಿಸುತ್ತಾರೆ, ಅರಿಶಿನ ಎಲೆಯಲ್ಲಿ ಗಟ್ಟಿ ಮಾಡುತ್ತಾರೆ. ಬಿಸಿ ಅನ್ನಕ್ಕೆ ಬಾಳೆ ಎಲೆ, ಮುತ್ತುಗದ ಎಲೆ ಇದ್ದೇ ಇವೆ.

ಹೋಟೆಲಿಗೆ ಹೋದಾಗ ಸಂಕೋಚ ಬಿಟ್ಟು ಒಂದು ಮಾತು ಕೇಳಿ: “ಇಡ್ಲಿಗೆ ಬಟ್ಟೆ ಹಾಕ್ತೀರಾ?” ಗಿರಾಕಿ ಕೇಳಿದರೆ ಹೋಟೆಲು ಬದಲಾಗುತ್ತದೆ. ಪಾರ್ಸೆಲ್ಲಿಗೆ ಹೊರಡುವಾಗ ಒಂದು ಸ್ಟೀಲ್ ಡಬ್ಬಿ ಕೈಯಲ್ಲಿರಲಿ. ಪ್ಲಾಸ್ಟಿಕ್ಕನ್ನು ಮನೆಯಿಂದ ಪೂರ್ತಿ ಹೊರಹಾಕಲು ಎಲ್ಲರಿಗೂ ಆಗದು. ಬಿಸಿ ಊಟದಿಂದ ದೂರ ಇಡುವುದು ಮಾತ್ರ ಇವತ್ತಿನಿಂದಲೇ ಆಗುವ ಕೆಲಸ.