ಜಾಲತಾಣಕ್ಕೆ ಜ್ಯಾಂಗೋ ಅಳವಡಿಸುವ ಕ್ರಮ: ಹೊಸಬರಿಗೆ ಕೆಲವು ಸೂಚನೆಗಳು

ಸಂಘದ ಜಾಲತಾಣ ಏನಾಯಿತೆಂದು ಸದಸ್ಯ ಬಾಂಧವರಲ್ಲಿ ಹಲವರು ಕೇಳುತ್ತಿದ್ದಾರೆ. ಮೊದಲು ಅದಕ್ಕೆ ಉತ್ತರ ಹೇಳುವುದು ನಮ್ಮ ಕರ್ತವ್ಯ. ಅದನ್ನು ಹೊರಗಿನವರೊಬ್ಬರಿಗೆ ವಹಿಸಿ ಮಾಡಿಸಿದ್ದೆವು. ಅವರು ಬೇರೆ ಕೆಲಸಕ್ಕೆ ಹೋದರು. ಪಾಸ್‌ವರ್ಡುಗಳು ಅವರಲ್ಲೇ ಉಳಿದವು. ತಾಣದ ಬಾಡಿಗೆ ಕಟ್ಟುವ ದಿನ ನಮಗೆ ತಿಳಿಯದೆ ದಾಟಿಹೋಯಿತು. ಮೂರು ವರ್ಷ ಕೂತು ತುಂಬಿಸಿದ್ದ ಮಳೆ ಲೆಕ್ಕ, ಅಡಿಕೆ ಆವಕದ ತೂಕದ ಪಟ್ಟಿ ಎಲ್ಲವೂ ಹೋದವು. ತಪ್ಪು ಅವರಿಗಿಂತ ಹೆಚ್ಚಾಗಿ ನಮ್ಮದು. ಉಗ್ರಾಣದ ಬೀಗದ ಕೈಯನ್ನು ಪೂರ್ತಿಯಾಗಿ ಬೇರೆಯವರ ಕೈಗೆ ಕೊಟ್ಟು ಕೂತಿದ್ದೆವು.

ಆದುದರಿಂದ ಈ ಸಲ ಕಾಫಿ ಕೊಯ್ಲು ಮುಗಿಸಿ ಬೆಂಗಳೂರಿಗೆ ಹೋದಾಗ, ಪದ್ಮನಾಭನಗರದ ನಮ್ಮ ಅಕ್ಕನ ಮಗನ ಮನೆಯಲ್ಲಿ ನಾಲ್ಕು ದಿನ ನಿಂತು ಈ ಕೆಲಸದ ಮೊದಲ ಹಂತವನ್ನು ಕಲಿತು ಬಂದೆವು. ಅವನು ಅದೇ ಉದ್ಯೋಗದಲ್ಲಿರುವವನು. "ಮಾವ, ನೀವು ಕೂತ್ಕೊಳ್ಳಿ, ಹತ್ತು ನಿಮಿಷದಲ್ಲಿ ನಾನೇ ಮಾಡಿಕೊಡ್ತೀನಿ" ಎಂದ. "ನೀನು ಮಾಡಿಕೊಟ್ಟರೆ ಮತ್ತೆ ಅದೇ ಕಥೆಯಾಗುತ್ತೆ, ನೀನು ಹೇಳು, ನಾವು ಟೈಪ್ ಮಾಡ್ತೇವೆ" ಎಂದೆವು. ಹತ್ತು ನಿಮಿಷದ ಕೆಲಸಕ್ಕೆ ನಮಗೆ ಎರಡು ದಿನ ಹಿಡಿಯಿತು. ಆದರೆ ಈಗ ಅದು ನಮ್ಮ ಕೈಯಲ್ಲಿದೆ.

ಜ್ಯಾಂಗೋ ಎಂದರೇನು?

ಯಾವ ಜಾಲತಾಣಕ್ಕಾದರೂ ಕೆಲವು ಅಂಗಗಳು ಬೇಕೇ ಬೇಕು: ಬಳಸುವವರನ್ನು ಗುರುತಿಸುವ ಬಾಗಿಲು, ಲೆಕ್ಕ ಇಡುವ ಪುಸ್ತಕ, ತುಂಬಿಸುವ ನಮೂನೆ. ಇವನ್ನು ಪ್ರತಿ ಸಲವೂ ಹೊಸದಾಗಿ ಮಾಡದಂತೆ ಮೊದಲೇ ಕಟ್ಟಿಟ್ಟಿರುವ ಚೌಕಟ್ಟಿಗೆ ಫ್ರೇಮ್‌ವರ್ಕ್ ಎನ್ನುತ್ತಾರೆ. ಜ್ಯಾಂಗೋ ಅಂತಹದೊಂದು ಚೌಕಟ್ಟು. ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಪಟ್ಟಣದ ಒಂದು ಪತ್ರಿಕಾ ಕಚೇರಿಯಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಎಂಬವರು 2003ರಲ್ಲಿ ಇದನ್ನು ಆರಂಭಿಸಿದರು. 2005ರಲ್ಲಿ ಸಾರ್ವಜನಿಕರಿಗೆ ಉಚಿತವಾಗಿ ಬಿಟ್ಟುಕೊಟ್ಟರು. ಹೆಸರು ಜ್ಯಾಂಗೋ ರೈನ್‌ಹಾರ್ಟ್ ಎಂಬ ಗಿಟಾರ್ ವಾದಕನದು. ಇದು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿದೆ. ಆ ಭಾಷೆ ಬಲ್ಲವರ ಭಾರತ ಮಟ್ಟದ ಮೊದಲ ಸಮ್ಮೇಳನ 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ನಡೆಯಿತು. ಆದ್ದರಿಂದ ನಮ್ಮ ಮಕ್ಕಳಲ್ಲಿ ಇದನ್ನು ಬಲ್ಲವರು ಬೇಕಾದಷ್ಟು ಮಂದಿ ಇದ್ದಾರೆ.

ಅಳವಡಿಸುವ ಕ್ರಮ

ಬೋರ್ಡೋ ದ್ರಾವಣ ಮಾಡುವಾಗ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕೇ ಹೊರತು ಸುಣ್ಣವನ್ನು ತುತ್ತಕ್ಕೆ ಹೊಯ್ಯಬಾರದೆಂದು ನಾವೆಲ್ಲ ಬಲ್ಲೆವು. ಇಲ್ಲಿಯೂ ಹಾಗೆಯೇ, ಕ್ರಮ ತಪ್ಪಕೂಡದು. ಕೆಳಗಿನ ಆಜ್ಞೆಗಳನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡತಕ್ಕದ್ದು. ಅವನ್ನು ಇಂಗ್ಲಿಷಿನಲ್ಲೇ ಬರೆದ ಹಾಳೆ ಸಂಘದ ಕಚೇರಿಯಲ್ಲಿದೆ.

1. ವಿಂಡೋಸ್ ಕಂಪ್ಯೂಟರಿಗೆ ಪೈಥಾನ್ 3.13ನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಅಳವಡಿಸುವಾಗ ಮೊದಲ ಕಿಟಕಿಯ ಕೆಳಗಡೆ 'ಪಾತ್‌ಗೆ ಸೇರಿಸು' ಎಂಬರ್ಥದ ಚಿಕ್ಕ ಚೌಕವಿರುತ್ತದೆ. ಅದಕ್ಕೆ ಗುರುತು ಹಾಕಲು ಮರೆಯಬೇಡಿ.

2. 'ತಾಣ' ಎಂದೊಂದು ಫೋಲ್ಡರ್ ಮಾಡಿ, ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿಯಲ್ಲಿ ಅದರೊಳಕ್ಕೆ ಹೋಗಿ. ಪವರ್‌ಶೆಲ್ ಎಂಬ ಇನ್ನೊಂದು ಕಿಟಕಿಯೂ ಇದೆ. ನಾವು ತಿಳಿಯದೆ ಅದನ್ನೇ ತೆರೆದೆವು. ನಾಲ್ಕನೆಯ ಹಂತಕ್ಕೆ ಬಂದಾಗ ಅದು ಕೆಂಪು ಅಕ್ಷರದಲ್ಲಿ ಅಪ್ಪಣೆಯಿಲ್ಲವೆಂದು ತಡೆಯಿತು. ಅರ್ಧ ದಿನ ಅಲ್ಲಿಯೇ ಹೋಯಿತು.

3. 'ಪೈಥಾನ್ -ಎಂ ವೆನ್ವ್ ಚೀಲ'. ಇದು ಈ ಕೆಲಸಕ್ಕೆಂದೇ ಒಂದು ಪ್ರತ್ಯೇಕ ಕೋಣೆ ಮಾಡುತ್ತದೆ. ಅಡಿಕೆ ಸಸಿಗೆ ಒಂದೊಂದು ಪಾಲಿಥಿನ್ ಚೀಲ ಕೊಡುವುದಿಲ್ಲವೇ, ಹಾಗೆ. ಒಂದೇ ಪಾತಿಯಲ್ಲಿ ಬೆಳೆಸಿದರೆ ಕೀಳುವಾಗ ಬೇರು ಹರಿಯುತ್ತದೆ. ಇಲ್ಲಿ ಏನಾದರೂ ಕೆಟ್ಟರೆ ಆ ಚೀಲವನ್ನಷ್ಟೇ ಎಸೆದು ಇನ್ನೊಂದು ಮಾಡಿಕೊಳ್ಳಬಹುದು. ಕಂಪ್ಯೂಟರಿನ ಉಳಿದ ಭಾಗಕ್ಕೆ ತೊಂದರೆಯಿಲ್ಲ.

4. 'ಚೀಲ\ಸ್ಕ್ರಿಪ್ಟ್ಸ್\ಆಕ್ಟಿವೇಟ್'. ಸಾಲಿನ ಮೊದಲಿಗೆ ಕಂಸದಲ್ಲಿ ಚೀಲದ ಹೆಸರು ಬಂದರೆ ಒಳಗೆ ಹೊಕ್ಕಂತೆ. ಪ್ರತಿ ದಿನ ಕೆಲಸ ಶುರು ಮಾಡುವ ಮೊದಲು ಈ ಆಜ್ಞೆ ಕೊಡಲೇಬೇಕು.

5. 'ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ ಜ್ಯಾಂಗೋ==5.2.*'. 2025ರ ಏಪ್ರಿಲ್‌ನಲ್ಲಿ ಬಂದ ಈ 5.2 ಆವೃತ್ತಿಗೆ 2028ರ ಏಪ್ರಿಲ್‌ವರೆಗೆ ಸುರಕ್ಷತಾ ತಿದ್ದುಪಡಿಗಳನ್ನು ಒದಗಿಸುವುದಾಗಿ ಹೇಳಿದ್ದಾರೆ. ಪದೇ ಪದೇ ಬದಲಾಯಿಸಲಾಗದ ನಮ್ಮಂತಹವರಿಗೆ ಇದೇ ಲೇಸು.

6. 'ಜ್ಯಾಂಗೋ-ಅಡ್ಮಿನ್ ಸ್ಟಾರ್ಟ್‌ಪ್ರಾಜೆಕ್ಟ್ ಸಂಘ .' ಕೊನೆಯಲ್ಲಿ ಒಂದು ಜಾಗ ಬಿಟ್ಟು ಚುಕ್ಕೆ ಇರಲಿ. ಅದಿಲ್ಲದಿದ್ದರೆ ಫೋಲ್ಡರಿನೊಳಗೆ ಇನ್ನೊಂದು ಫೋಲ್ಡರಾಗಿ ಗೊಂದಲವಾಗುತ್ತದೆ.

7. 'ಪೈಥಾನ್ ಮ್ಯಾನೇಜ್.ಪಿವೈ ಮೈಗ್ರೇಟ್' ಎಂದರೆ ಲೆಕ್ಕದ ಪುಸ್ತಕಕ್ಕೆ ಗೆರೆ ಹಾಕಿದಂತೆ. ಅನಂತರ ಅದೇ ರೀತಿ 'ಕ್ರಿಯೇಟ್‌ಸೂಪರ್‌ಯೂಸರ್' ಎಂದು ಕೊಟ್ಟರೆ ಮೇಲ್ವಿಚಾರಕರ ಹೆಸರು ಮತ್ತು ಪಾಸ್‌ವರ್ಡ್ ಕೇಳುತ್ತದೆ. ಪಾಸ್‌ವರ್ಡ್ ಟೈಪ್ ಮಾಡುವಾಗ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಕೀಲಿಮಣೆ ಕೆಟ್ಟಿತೆಂದು ಗಾಬರಿಯಾಗಬೇಡಿ.

8. 'ಪೈಥಾನ್ ಮ್ಯಾನೇಜ್.ಪಿವೈ ರನ್‌ಸರ್ವರ್'. ಈಗ ಬ್ರೌಸರಿನಲ್ಲಿ 127.0.0.1:8000 ಎಂಬ ವಿಳಾಸ ಕೊಟ್ಟರೆ ರಾಕೆಟ್ಟಿನ ಚಿತ್ರವೊಂದು ಕಾಣುತ್ತದೆ. ಕಂಡರೆ ಅಳವಡಿಕೆ ಸರಿಯಾಯಿತೆಂದು ಅರ್ಥ. ಈ ವಿಳಾಸ ನಿಮ್ಮ ಯಂತ್ರದೊಳಗಿನದು, ಹೊರಗಿನವರಿಗೆ ಕಾಣದು.

ಕನ್ನಡಕ್ಕೆ ಹೊಂದಿಸುವುದು

'ಸಂಘ' ಫೋಲ್ಡರಿನಲ್ಲಿರುವ 'ಸೆಟ್ಟಿಂಗ್ಸ್' ಕಡತದಲ್ಲಿ ಭಾಷೆಯ ಸಾಲಿನ 'ಇಎನ್-ಯುಎಸ್' ತೆಗೆದು 'ಕೆಎನ್' ಎಂದು, ಕಾಲದ ಸಾಲಿನ 'ಯುಟಿಸಿ' ತೆಗೆದು 'ಏಷ್ಯಾ/ಕೋಲ್ಕತಾ' ಎಂದು ಬರೆಯಿರಿ. ಇಲ್ಲವಾದರೆ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತದೆ. ವಿಳಾಸದ ಮುಂದೆ 'ಅಡ್ಮಿನ್' ಸೇರಿಸಿದರೆ ಮೇಲ್ವಿಚಾರಕರ ಪುಟ ಕನ್ನಡದಲ್ಲಿ ತೆರೆಯುತ್ತದೆ. ಕೆಲವು ಮಾತುಗಳು ಇನ್ನೂ ಇಂಗ್ಲಿಷಿನಲ್ಲೇ ಇವೆ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಪಟ್ಟಿಗಳನ್ನು ಯುನಿಕೋಡ್‌ಗೆ ಪರಿವರ್ತಿಸಿಯೇ ಹಾಕತಕ್ಕದ್ದು. ಇಲ್ಲವಾದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ.

ಎಚ್ಚರಿಕೆ

ಇದು ಸಸಿಮಡಿಯ ಹಂತ ಮಾತ್ರ. ರನ್‌ಸರ್ವರ್ ಕಲಿಯುವವರಿಗಾಗಿ ಇರುವುದು, ಅದನ್ನು ಹಾಗೆಯೇ ಲೋಕಕ್ಕೆ ತೆರೆದಿಡಕೂಡದು. ಸೆಟ್ಟಿಂಗ್ಸ್ ಕಡತದಲ್ಲಿ 'ಡಿಬಗ್' ಎಂಬುದು 'ಟ್ರೂ' ಎಂದಿರುವವರೆಗೆ, ತಪ್ಪಾದಾಗಲೆಲ್ಲ ಒಳಗಿನ ವಿವರ ನೋಡುವವರ ಮುಂದೆ ತೆರೆದುಕೊಳ್ಳುತ್ತದೆ. ಸದಸ್ಯರ ಸಾಲದ ಬಾಕಿ ಬೀದಿಗೆ ಬೀಳಬಾರದಷ್ಟೆ. ಅದೇ ಕಡತದಲ್ಲಿರುವ ಗುಪ್ತ ಕೀಲಿಯನ್ನು ಯಾರಿಗೂ ಕಳಿಸಬೇಡಿ.

ಲೆಕ್ಕವೆಲ್ಲ 'ಡಿಬಿ.ಎಸ್‌ಕ್ಯೂಲೈಟ್3' ಎಂಬ ಒಂದೇ ಕಡತದಲ್ಲಿ ಕೂರುತ್ತದೆ. ಸರ್ವರ್ ನಿಲ್ಲಿಸಿ ಅದನ್ನು ಪೆನ್‌ಡ್ರೈವಿಗೆ ನಕಲು ಮಾಡಿದರೆ ಸಾಕು. ಅಂದು ಇಂತಹದೊಂದು ನಕಲು ನಮ್ಮ ಬೀರುವಿನಲ್ಲಿದ್ದಿದ್ದರೆ ಮೂರು ವರ್ಷದ ಮಳೆ ಲೆಕ್ಕ ಉಳಿಯುತ್ತಿತ್ತು.

ಇನ್ನು ಮುಂದೆ ತಾಣದ ಹೆಸರು ಸಂಘದ ಹೆಸರಿನಲ್ಲೇ ನೋಂದಣಿಯಾಗಬೇಕು, ಮೇಲ್ವಿಚಾರಕರು ಇಬ್ಬರಿರಬೇಕು, ಪ್ರತಿ ಶನಿವಾರ ನಕಲು ತೆಗೆಯಬೇಕು. ಈ ಮೂರನ್ನು ಮುಂದಿನ ಸಭೆಯ ಮುಂದಿಡಲಿದ್ದೇವೆ. ಆವಕದ ತೂಕ ನಮೂದಿಸುವ ಪುಟ ಮಾಡುವ ಕ್ರಮವನ್ನು ಮುಂದಿನ ಸಂಚಿಕೆಯಲ್ಲಿ ತಿಳಿಸುತ್ತೇವೆ. ಅಷ್ಟರಲ್ಲಿ ಊರಿಗೆ ಬರುವ ಮಕ್ಕಳಲ್ಲಿ ಈ ವಿದ್ಯೆ ಬಲ್ಲವರಿದ್ದರೆ ದಯವಿಟ್ಟು ಕಚೇರಿಗೆ ಕಳಿಸಿಕೊಡಿ. ಅವರು ಪಕ್ಕದಲ್ಲಿ ಕೂತು ಹೇಳಿದರೆ ಸಾಕು, ಟೈಪ್ ನಾವೇ ಮಾಡುತ್ತೇವೆ.

— ಕಾರ್ಯದರ್ಶಿ