ಎಡಗಾಲಿಗೂ ಪಾಠ ಹೇಳಿದ ಮಾಸ್ತರು

2021ರ ಆಗಸ್ಟ್ 22ರಂದು ಕಲಬುರಗಿಯ ಆಸ್ಪತ್ರೆಯೊಂದರಲ್ಲಿ 82 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಹೆಸರು ಸೈಯದ್ ಶಾಹಿದ್ ಹಕೀಂ. 1960ರ ರೋಮ್ ಒಲಿಂಪಿಕ್ಸ್‌ಗೆ ಹೋಗಿದ್ದ ಭಾರತ ಫುಟ್‌ಬಾಲ್ ತಂಡದಲ್ಲಿದ್ದವರು, ಅಂತಾರಾಷ್ಟ್ರೀಯ ರೆಫ್ರಿಯೂ ಆಗಿದ್ದವರು. ಆದರೂ ಅವರ ಮಾತು ಬಂದಲ್ಲೆಲ್ಲ ಮೊದಲು ಅಪ್ಪನ ಹೆಸರೇ ಬರುತ್ತಿತ್ತು. ಆ ಅಪ್ಪ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ.

ತಾಂಡೂರು, ನಾರಾಯಣಪೇಟೆ, ಜಹೀರಾಬಾದ್ ಕಡೆಯ ನಮಗೆ ರಹೀಂ ದೂರದವರೇನಲ್ಲ. ನಿಜಾಮರ ಕಾಲದಲ್ಲಿ ಬೀದರ, ಗುಲ್ಬರ್ಗ, ರಾಯಚೂರು ಎಲ್ಲವೂ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವು. ಇಡೀ ಸಂಸ್ಥಾನಕ್ಕೆ ಇದ್ದದ್ದು 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ. 1909ರಲ್ಲಿ ಹುಟ್ಟಿದ ರಹೀಂ ಅಲ್ಲೇ ಓದಿದರು, ಅದೇ ತಂಡಕ್ಕೆ ಆಡಿದರು. ಓದು ಮುಗಿದ ಮೇಲೆ ಶಾಲೆಯಲ್ಲಿ ಮಾಸ್ತರಾದರು. ದೈಹಿಕ ಶಿಕ್ಷಣದ ಡಿಪ್ಲೊಮಾ ಮಾಡಿಕೊಂಡು ಮಕ್ಕಳಿಗೆ ಆಟ ಕಲಿಸತೊಡಗಿದರು.

ಕೊನೇವರೆಗೂ ಅವರು ಮಾಸ್ತರೇ. ನಮ್ಮ ಹುಡುಗರಿಗೆ ಎಡಗಾಲಲ್ಲಿ ಚೆಂಡು ಹೊಡಿ ಅಂದ್ರೆ ಸುತ್ತು ಹಾಕಿ ಬಲಗಾಲಿಗೇ ತಂದುಕೊಳ್ಳುತ್ತಾರೆ ತಾನೆ? ರಹೀಂ ಅದಕ್ಕೊಂದು ಮದ್ದು ಕಂಡುಹಿಡಿದರು. ಪಳಗದ ಕಾಲಲ್ಲೇ ಆಡಬೇಕಾದ ಟೂರ್ನಿಗಳನ್ನು ನಡೆಸಿದರು. ಇನ್ನೊಂದು ಟೂರ್ನಿಯಲ್ಲಿ ಡ್ರಿಬಲ್ ಮಾಡುವಂತೆಯೇ ಇಲ್ಲ, ಚೆಂಡು ಬಂತೋ ಪಾಸ್ ಕೊಡಬೇಕು. ಒಬ್ಬನೇ ಚೆಂಡು ಹಿಡಿದು ಮೆರೆಯುವ ಚಾಳಿ ಹೀಗೆ ಬಿಟ್ಟುಹೋಗುತ್ತಿತ್ತು. ಖರ್ಚಿಲ್ಲದ ಉಪಾಯ, ಹಳ್ಳಿ ಶಾಲೆಯ ಬಯಲಲ್ಲೂ ಮಾಡಬಹುದು.

1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡ ಅವರ ಕೈಗೆ ಬಂತು. ಆ ವರ್ಷದಿಂದ 1954ರವರೆಗೆ ಮುಂಬೈಯ ರೋವರ್ಸ್ ಕಪ್ ಸತತ ಐದು ಸಲ ಪೊಲೀಸರ ಪಾಲಾಯಿತು. 1951ರ ದಿಲ್ಲಿ ಏಷ್ಯನ್ ಗೇಮ್ಸ್‌ನಲ್ಲಿ ರಹೀಂ ತರಬೇತಿಯ ಭಾರತ ತಂಡ ಇರಾನನ್ನು 1-0 ಗೋಲಿನಿಂದ ಸೋಲಿಸಿ ಚಿನ್ನ ಗೆದ್ದಿತು.

ಎಲ್ಲವೂ ಗೆಲುವೇ ಅಂತಲ್ಲ. 1952ರ ಹೆಲ್ಸಿಂಕಿಯ ಚಳಿಯಲ್ಲಿ ನಮ್ಮವರು ಹೆಚ್ಚಿನವರು ಬರಿಗಾಲಲ್ಲೇ ಇಳಿದರು. ಯುಗೊಸ್ಲಾವಿಯ ಕೈಲಿ 10-1ರಿಂದ ತಿಂದ ಏಟು ಸಣ್ಣದಲ್ಲ. ಆಮೇಲೆ ಬೂಟು ಕಡ್ಡಾಯವಾಯಿತು. ನಾಲ್ಕೇ ವರ್ಷಕ್ಕೆ, 1956ರ ಮೆಲ್ಬರ್ನ್‌ನಲ್ಲಿ, ಆತಿಥೇಯ ಆಸ್ಟ್ರೇಲಿಯವನ್ನು 4-2ರಿಂದ ಬಡಿದು ಭಾರತ ಸೆಮಿಫೈನಲ್‌ಗೆ ಹೋಯಿತು, ಕೊನೆಗೆ ನಾಲ್ಕನೇ ಸ್ಥಾನ. ನೆವಿಲ್ ಡಿಸೋಜಾ ಹ್ಯಾಟ್ರಿಕ್ ಹೊಡೆದದ್ದು ಅಲ್ಲೇ. ಬೆಂಗಳೂರಿನ ಕೆಂಪಯ್ಯ ಕೂಡ ಆ ತಂಡದಲ್ಲಿದ್ದರು.

1962ರ ಜಕಾರ್ತ ಹೊತ್ತಿಗೆ ರಹೀಂ ಮೈಯಲ್ಲಿ ಕ್ಯಾನ್ಸರ್. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯ ಎದುರು 2-0 ಸೋಲು. ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಗಾಯ, ಹೊಲಿಗೆ. ಬೇರೆಯವರಾಗಿದ್ದರೆ ಹೊರಗೆ ಕೂರಿಸುತ್ತಿದ್ದರು. ರಹೀಂ ಅವರನ್ನು ಮುಂದಕ್ಕೆ ತಂದು ಸೆಂಟರ್ ಫಾರ್ವರ್ಡ್ ಮಾಡಿದರು! ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಎದುರಿಗೆ ಮತ್ತೆ ಅದೇ ಕೊರಿಯ, ಮೈದಾನದ ತುಂಬ ಭಾರತದ ವಿರುದ್ಧ ಕೂಗು. ಪಿ.ಕೆ. ಬ್ಯಾನರ್ಜಿ ಒಂದು ಗೋಲು ಹೊಡೆದರು, ಇನ್ನೊಂದು ಅದೇ ಜರ್ನೈಲ್. 2-1, ಚಿನ್ನ.

ಅಲ್ಲಿಂದ ಒಂಬತ್ತು ತಿಂಗಳಿಗೆ, 1963ರ ಜೂನ್ 11ರಂದು, ಮಾಸ್ತರು ಹೋಗಿಬಿಟ್ಟರು. ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಭಾರತಕ್ಕೆ ಆಮೇಲೆ ಸಿಕ್ಕಿದ್ದು 1970ರ ಕಂಚೊಂದೇ.

ಕೋಚ್‌ಗಳಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದದ್ದು 1985ರಲ್ಲಿ. ಅಷ್ಟೊತ್ತಿಗೆ ರಹೀಂ ತೀರಿಹೋಗಿ 22 ವರ್ಷ. ಈಗಿನ ಹುಡುಗರಿಗೆ ಅವರ ಹೆಸರು ಗೊತ್ತಾಗಿದ್ದರೆ ಅದು 2024ರಲ್ಲಿ ಬಂದ ‘ಮೈದಾನ್’ ಹಿಂದಿ ಸಿನಿಮಾದಿಂದ. ಅಪ್ಪನ ಕಥೆ ತೆರೆಗೆ ಬಂದದ್ದನ್ನು ನೋಡಲು ಹಕೀಂ ಇರಲಿಲ್ಲ.