ಎಲ್ಲರೂ ನಮ್ಮವರೇ ಆದರೆ ಕೊಲೆ ಮಾಡಿದ್ದು ಯಾರು?

ಪತ್ತೇದಾರಿ ಕಾದಂಬರಿ ಅಂದ ತಕ್ಷಣ ನಮಗೆ ನೆನಪಾಗೋದು ಮುಚ್ಚಿದ ಜಾಗಗಳು. ಅಗಾಥಾ ಕ್ರಿಸ್ಟಿ 1934ರಲ್ಲಿ ಹಿಮದಲ್ಲಿ ಸಿಕ್ಕಿಕೊಂಡ ರೈಲಿನಲ್ಲಿ ಒಂದು ಕೊಲೆ ಮಾಡಿಸಿದರು, 1939ರಲ್ಲಿ ಹತ್ತು ಜನರನ್ನು ಒಂದು ದ್ವೀಪದಲ್ಲಿ ಕೂಡಿಹಾಕಿದರು. ಲೆಕ್ಕ ಸುಲಭ. ಹೊರಗಿಂದ ಯಾರೂ ಬರೋಕಾಗಲ್ಲ, ಒಳಗಿಂದ ಯಾರೂ ಹೋಗೋಕಾಗಲ್ಲ, ಅಂದಮೇಲೆ ಕೊಲೆಗಾರ ಇಲ್ಲೇ ಇದ್ದಾನೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸರ್ಚ್ ಸ್ಪೇಸ್ ಚಿಕ್ಕದು.

ಆದರೆ ಇನ್ನೊಂದು ಥರದ ಮುಚ್ಚಿದ ಜಾಗವೂ ಇದೆ. ಅಲ್ಲಿ ಗೇಟ್ ತೆರೆದೇ ಇರುತ್ತೆ, ಬಸ್ಸೂ ಬರುತ್ತೆ. ಜನರನ್ನು ಕಟ್ಟಿಹಾಕಿರೋದು ಸಂಬಂಧಗಳು. ಇಂಥ ಜಾಗದಲ್ಲಿ ಕೊಲೆಯಾದರೆ ಏನಾಗುತ್ತೆ ಅನ್ನೋದಕ್ಕೆ ನಮಗೆ ಸಿಕ್ಕ ಒಳ್ಳೆಯ ಉದಾಹರಣೆ ಇಸ್ರೇಲಿನ ಲೇಖಕಿ ಬತ್ಯಾ ಗೂರ್ ಬರೆದ ಕಾದಂಬರಿ. 1991ರಲ್ಲಿ ಹೀಬ್ರೂ ಭಾಷೆಯಲ್ಲಿ ಬಂದ ಇದು ಇಂಗ್ಲಿಷಿನಲ್ಲಿ 'ಮರ್ಡರ್ ಆನ್ ಎ ಕಿಬ್ಬುಟ್ಸ್' ಅನ್ನೋ ಹೆಸರಲ್ಲಿ ಸಿಗುತ್ತೆ.

ಕಿಬ್ಬುಟ್ಸ್ ಅಂದ್ರೆ ಏನು?

ಆಸ್ತಿಯನ್ನೆಲ್ಲ ಎಲ್ಲರೂ ಸೇರಿ ಹೊಂದಿರೋ ಊರು. ಮೊದಲನೆಯದು ಡೆಗಾನಿಯಾ, ಗಲಿಲೀ ಸರೋವರದ ದಂಡೆಯಲ್ಲಿ 1910ರಲ್ಲಿ ಶುರುವಾಯಿತು. ಆಮೇಲೆ ಇಂಥವು ಸುಮಾರು 270 ಆದವು. ಕ್ಲಾಸಿಕ್ ಕಿಬ್ಬುಟ್ಸ್‌ನಲ್ಲಿ ಯಾರಿಗೂ ಸಂಬಳ ಇರಲಿಲ್ಲ. ಹೊಲದಲ್ಲಿ ದುಡಿಯೋನಿಗೂ ಲೆಕ್ಕ ಬರೆಯೋನಿಗೂ ಸಿಗೋದು ಒಂದೇ. ಊಟ ಒಂದೇ ಹಾಲ್‌ನಲ್ಲಿ, ಬಟ್ಟೆ ಒಗೆಯೋದು ಒಂದೇ ಲಾಂಡ್ರಿಯಲ್ಲಿ. ದೊಡ್ಡ ನಿರ್ಧಾರಗಳು ಎಲ್ಲ ಸದಸ್ಯರ ಸಭೆಯಲ್ಲಿ, ವೋಟ್ ಹಾಕಿ. ಯಾರು ಓದೋಕೆ ಹೊರಗೆ ಹೋಗಬಹುದು ಅನ್ನೋದು ಕೂಡ ಊರೇ ತೀರ್ಮಾನಿಸೋ ವಿಷಯ.

ಎಲ್ಲಕ್ಕಿಂತ ವಿಚಿತ್ರ ಅನಿಸೋದು ಮಕ್ಕಳ ಮನೆ. ಹೆಚ್ಚಿನ ಕಿಬ್ಬುಟ್ಸ್‌ಗಳಲ್ಲಿ ಮಕ್ಕಳು ರಾತ್ರಿ ಮಲಗ್ತಾ ಇದ್ದದ್ದು ಅಪ್ಪ ಅಮ್ಮನ ಹತ್ತಿರ ಅಲ್ಲ, ತಮ್ಮ ವಯಸ್ಸಿನ ಮಕ್ಕಳ ಜೊತೆ ಬೇರೆ ಕಟ್ಟಡದಲ್ಲಿ. ಸಂಜೆ ಕೆಲವು ಗಂಟೆ ಅಪ್ಪ ಅಮ್ಮನ ಜೊತೆ ಕಳೆದು ಮಲಗೋ ಹೊತ್ತಿಗೆ ವಾಪಸ್. ರಾತ್ರಿ ಮಗು ಅತ್ತರೆ ಏಳೋದು ಅವತ್ತು ಕಾವಲಿಗೆ ಇರೋರು. ಗೂರ್ ಕಾದಂಬರಿಯ ಹೀಬ್ರೂ ಹೆಸರು 'ಲಿನಾ ಮೆಶುತೆಫೆತ್'. ಅದರ ಅರ್ಥವೇ ಒಟ್ಟಾಗಿ ಮಲಗುವ ವ್ಯವಸ್ಥೆ. ಕೊಲೆಯ ಕಥೆಗೆ ಈ ಹೆಸರು ಯಾಕೆ ಅನ್ನೋದು ಪುಸ್ತಕ ಮುಗಿಸಿದ ಮೇಲೆ ಗೊತ್ತಾಗುತ್ತೆ, ನಾವು ಹೇಳಲ್ಲ.

ಎಲ್ಲ ಗೊತ್ತಿದ್ದೂ ಏನೂ ಗೊತ್ತಿಲ್ಲ

ಕಥೆಯಲ್ಲಿ ಸಾಯೋದು ಓಸ್ನಾತ್, ಕಿಬ್ಬುಟ್ಸ್‌ನ ಕಾರ್ಯದರ್ಶಿ. ಕಾರಣ ಪ್ಯಾರಾಥಿಯಾನ್ ಅನ್ನೋ ಕೀಟನಾಶಕ. ಇದು ನಮ್ಮ ನರಗಳಲ್ಲಿ ಅಸಿಟೈಲ್‌ಕೋಲಿನ್ ಅನ್ನು ಒಡೆಯೋ ಎಂಜೈಮನ್ನು ತಡೆಯುತ್ತೆ. ಆಗ ಸಿಗ್ನಲ್ ಆಫ್ ಆಗೋದೇ ಇಲ್ಲ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋತುಬಿಡುತ್ತವೆ. ಇಲ್ಲಿ ವಿಷದ ಆಯ್ಕೆ ಸುಮ್ಮನೆ ಅಲ್ಲ. ಅಪರೂಪದ ವಿಷ ಆಗಿದ್ದರೆ ಅದನ್ನು ಕೊಂಡವರು ಯಾರು ಅಂತ ಹುಡುಕಬಹುದು. ಕೃಷಿ ಮಾಡೋ ಊರಲ್ಲಿ ಕೀಟನಾಶಕ ಯಾರಿಗೂ ಹೊಸದಲ್ಲ, ಎಲ್ಲರದ್ದು ಅಂದರೆ ಯಾರೊಬ್ಬರದ್ದೂ ಅಲ್ಲ.

ಇಂಥ ಊರಲ್ಲಿ ಪೊಲೀಸರ ಕೆಲಸ ಸುಲಭ ಆಗಬೇಕಿತ್ತು ಅಲ್ವಾ? ಯಾರು ಎಷ್ಟು ಗಂಟೆಗೆ ಊಟಕ್ಕೆ ಬಂದರು, ಯಾರ ಜೊತೆ ಯಾರಿಗೆ ಮಾತು ಬಿಟ್ಟಿದೆ, ಎಲ್ಲ ಎಲ್ಲರಿಗೂ ಗೊತ್ತು. ಆದರೆ ಕೇಸ್ ಬಿಗಿಯಾಗೋದು ಅಲ್ಲೇ. ಮಾಹಿತಿ ಬೇಕಾದಷ್ಟಿದೆ, ಅದನ್ನು ಅನುಮಾನದ ಕಣ್ಣಿಂದ ನೋಡೋರು ಯಾರೂ ಇಲ್ಲ. 'ನಾವು ಒಂದೇ ಮನೆಯವರು, ನಮ್ಮಲ್ಲಿ ಯಾರೂ ಹಾಗೆ ಮಾಡಲ್ಲ' ಅನ್ನೋದು ಅವರಿಗೆ ಅಭಿಪ್ರಾಯ ಅಲ್ಲ, ಊರಿನ ಅಡಿಪಾಯ. ಅದನ್ನು ಪ್ರಶ್ನೆ ಮಾಡಿದರೆ ಊರೇ ಅಲ್ಲಾಡುತ್ತೆ. ಹಾಗಾಗಿ ಜನ ಸುಳ್ಳು ಹೇಳಬೇಕಾಗಿಯೇ ಇಲ್ಲ, ಸುಮ್ಮನಿದ್ದರೆ ಸಾಕು.

ಅದಕ್ಕೇ ಇಲ್ಲಿ ಪತ್ತೇದಾರ ಹೊರಗಿನವನು. ಕ್ರಿಸ್ಟಿಯ ಮಿಸ್ ಮಾರ್ಪಲ್ ಹಳ್ಳಿಯವಳೇ, ಹಳ್ಳಿಯ ಗಾಸಿಪ್ಪೇ ಅವಳ ಡೇಟಾ. ಗೂರ್ ಅವರ ಮೈಕೆಲ್ ಓಹಾಯೋನ್ ಹಾಗಲ್ಲ. ಮೊರಾಕೊದಲ್ಲಿ ಹುಟ್ಟಿ ಚಿಕ್ಕವನಿದ್ದಾಗ ಇಸ್ರೇಲಿಗೆ ಬಂದವನು, ಇತಿಹಾಸ ಓದಿದವನು. ಕಿಬ್ಬುಟ್ಸ್‌ಗಳನ್ನು ಕಟ್ಟಿದವರಲ್ಲಿ ಹೆಚ್ಚಿನವರು ಯುರೋಪಿನಿಂದ ಬಂದ ಯಹೂದಿಗಳು. ಅಲ್ಲಿ ಅವನು ಎರಡು ಸಲ ಹೊರಗಿನವನು, ಪೊಲೀಸ್ ಆಗಿ ಒಂದು ಸಲ, ಮೊರಾಕೊದವನಾಗಿ ಇನ್ನೊಂದು ಸಲ. ಅವನು ಜಾಸ್ತಿ ಮಾತಾಡಲ್ಲ, ಕೇಳಿಸಿಕೊಳ್ಳುತ್ತಾನೆ. ಊರಿನವರಿಗೆ ಸಹಜ ಅನಿಸೋ ವಿಷಯ ಅವನಿಗೆ ಸಹಜ ಅನಿಸಲ್ಲ. ಅವನ ನಿಜವಾದ ಟೂಲ್ ಅದೇ.

ಗೂರ್ ಅವರ ಬೇರೆ ಕಾದಂಬರಿಗಳಲ್ಲೂ ಇದೇ ಪ್ಯಾಟರ್ನ್. 1988ರ ಮೊದಲ ಪುಸ್ತಕದಲ್ಲಿ ಮನೋವಿಶ್ಲೇಷಕರ ಸಂಸ್ಥೆ, ಎರಡನೆಯದರಲ್ಲಿ ಯೂನಿವರ್ಸಿಟಿಯ ಸಾಹಿತ್ಯ ವಿಭಾಗ. ಪ್ರತಿ ಸಲವೂ ತನ್ನದೇ ಭಾಷೆ, ತನ್ನದೇ ನಿಯಮ ಇರೋ ಒಂದು ಗುಂಪು. ಓಹಾಯೋನ್ ಮೊದಲು ಆ ನಿಯಮಗಳನ್ನು ಕಲಿಯುತ್ತಾನೆ.

ನಮಗೇನು?

ನಾವ್ಯಾರೂ ಕಿಬ್ಬುಟ್ಸ್ ನೋಡಿಲ್ಲ. ಆದರೆ ಒಂದೇ ಮೆಸ್‌ನಲ್ಲಿ ಉಂಡು, ಒಂದೇ ಕಾರಿಡಾರಲ್ಲಿ ಮಲಗೋ ಜನ ನಾವು. ಹಾಸ್ಟೆಲ್‌ನಲ್ಲಿ ಒಂದು ಇಯರ್‌ಫೋನ್ ಕಳೆದರೆ ಮೊದಲ ಅನುಮಾನ ಯಾರ ಮೇಲೆ? ಕ್ಲೀನ್ ಮಾಡೋಕೆ ಬರೋ ಅಕ್ಕನ ಮೇಲೆ, ಇಲ್ಲಾಂದ್ರೆ ಹೊಸದಾಗಿ ಸೇರಿದ ಜೂನಿಯರ್ ಮೇಲೆ. 'ನಮ್ಮ ಹುಡುಗರು ಹಾಗಲ್ಲ' ಅನ್ನೋ ಮಾತಿಗೆ ಪುರಾವೆ ಯಾರೂ ಕೇಳಲ್ಲ. ಅದೇ ಥರ, ನಮ್ಮ ಗ್ಯಾಂಗಿನಲ್ಲೇ ಒಬ್ಬ ಎರಡು ತಿಂಗಳಿಂದ ಸರಿಯಾಗಿ ನಿದ್ದೆ ಮಾಡ್ತಿಲ್ಲ ಅಂದ್ರೂ ನಮಗೆ ಕಾಣಿಸಲ್ಲ. ದಿನಾ ನೋಡ್ತೀವಲ್ಲ, ಇನ್ನೇನು ನೋಡೋದು ಅಂದುಕೊಂಡಿರ್ತೀವಿ.

ಮಕ್ಕಳ ಮನೆಯಲ್ಲಿ ರಾತ್ರಿ ಮಲಗಿಸೋ ಪದ್ಧತಿ 1990ರ ದಶಕದಲ್ಲಿ ಪೂರ್ತಿ ನಿಂತುಹೋಯಿತು, ಎಷ್ಟೋ ಕಿಬ್ಬುಟ್ಸ್‌ಗಳು ಈಗ ಸಂಬಳ ಕೊಡುತ್ತವೆ. ಒಟ್ಟಾಗಿ ಬದುಕೋದು ತಪ್ಪು ಅಂತ ಕಾದಂಬರಿ ಹೇಳಲ್ಲ, ಆ ಕನಸಿನ ಮೇಲೆ ಅದಕ್ಕೆ ಗೌರವ ಇದೆ. ಅದು ಕೇಳೋದು, ಇಷ್ಟು ಗಟ್ಟಿಯಾದ 'ನಾವು' ಒಳಗೆ ಒಂಟಿಯಾದ 'ನಾನು' ಎಲ್ಲಿಗೆ ಹೋಗಬೇಕು ಅಂತ. ಕೊಲೆಗಾರ ಯಾರು ಅಂತ ಗೊತ್ತಾದ ಮೇಲೂ ಆ ಪ್ರಶ್ನೆ ಮುಗಿಯಲ್ಲ. ಸೆಮಿಸ್ಟರ್ ರಜೆಯಲ್ಲಿ ಓದಿ ನೋಡಿ, ಕೊನೆಯ ಪುಟಗಳನ್ನು ಮಾತ್ರ ಮೊದಲೇ ತೆರೀಬೇಡಿ.